ನೆಕ್ಕಿ ನೋಡುವ ಜನ

ಕಲ್ಲು ಹುಡುಕುವವರ ಸಂಘದ ಪತ್ರಿಕೆಯಲ್ಲಿ ನನ್ನ ಗಂಡನ ಬಗ್ಗೆ ಅರ್ಧ ಪುಟ ಬರೆದಿದ್ದಾರೆ. ಓರ್ವಿಲ್ ಹ್ಯಾಸ್ಕೆಟ್ ತಾನು ಪ್ರೀತಿಸಿದ ಕಲ್ಲುಗಳ ನಡುವೆಯೇ ಕಣ್ಣು ಮುಚ್ಚಿದನಂತೆ. ಸುಳ್ಳು. ಅವನು ಸತ್ತದ್ದು ರೀನೋದಲ್ಲಿ, ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ. ತೊಡೆಯ ಮೇಲೆ ಮೀನು ಹಿಡಿಯುವವರ ಹಳೆಯ ಪತ್ರಿಕೆಯೊಂದಿತ್ತು. ಮೀನಿನ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಒಳಗಿಂದ ಹೆಸರು ಕೂಗಿದರು. ಅವನು ಏಳಲಿಲ್ಲ. ಮೊಣಕೈಯಿಂದ ತಿವಿದೆ. ಆಗಲೂ ಏಳಲಿಲ್ಲ. ಅಷ್ಟೇ.

ಎಲ್ಲರ ಸ್ನೇಹಿತ ಎಂದೂ ಬರೆದಿದ್ದಾರೆ. ಅವನಿಗೆ ಸ್ನೇಹಿತರೇ ಇರಲಿಲ್ಲ. ಆ ಸಂಘದವರು ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು, ಇಲ್ಲ. ನಾನು ಓದಿದ್ದು ಕಡಿಮೆ. ಹೋಟೆಲಿನ ಅಡುಗೆಮನೆಗೆ ಸೇರಿದ ಮೇಲೆ ಪುಸ್ತಕ ಮುಟ್ಟಿದವಳಲ್ಲ. ಆದರೆ ಅರ್ಧ ಪುಟದಲ್ಲಿ ಅಷ್ಟೊಂದು ಸುಳ್ಳು ತುಂಬಬಹುದಾದರೆ ನಾಲ್ಕು ಪುಟದಲ್ಲಿ ನಿಜ ಬರೆಯಲು ನನಗೂ ಬರುತ್ತದೆ.

ಓರ್ವಿಲ್ ಹುಟ್ಟಿದ್ದು ಲವ್‌ಲಾಕ್ ಊರಾಚೆ, ರೈಲು ಹಳಿ ರಿಪೇರಿಯವರ ಸಾಲುಮನೆಯಲ್ಲಿ. ಅಪ್ಪ ಹಳಿಯ ಜಲ್ಲಿ ಸರಿ ಮಾಡುವವನು. ಮಗ ಆ ಜಲ್ಲಿಯ ಮೇಲೆ ಕೂತು ಬೆಳೆದ, ಅದರಲ್ಲೇ ಚೆಂದದ್ದನ್ನು ಆರಿಸುತ್ತಾ. ರೋಗ ಹತ್ತಿದ್ದು ಅಲ್ಲಿಂದ. ದೊಡ್ಡವನಾದ ಮೇಲೆ ಛಾವಣಿಯ ಮೇಲಿನ ತಂಪು ಯಂತ್ರಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆದ. ಬೇಸಿಗೆಯಲ್ಲಿ ಊರಿನ ಅರ್ಧ ಛಾವಣಿಗಳ ಮೇಲೆ ಇವನೇ ಇರುತ್ತಿದ್ದ. ಮೇಲೆ ನಿಂತು ಬೆಟ್ಟದ ಕಡೆ ನೋಡುತ್ತಿದ್ದ. ಕೆಳಗೆ ಮನೆಯವರು ಬೆವರುತ್ತಾ ಕಾಯುತ್ತಿದ್ದರು.

ನಾನು ಆಗ ವಿನೆಮಕ್ಕಾದ ಹೆದ್ದಾರಿ ಹೋಟೆಲಿನಲ್ಲಿ ಬಡಿಸುತ್ತಿದ್ದೆ. ಒಂದು ದಿನ ಈ ಮನುಷ್ಯ ಕೌಂಟರಿನಲ್ಲಿ ಕೂತು, ಜೇಬಿನಿಂದ ಮಣ್ಣು ಮೆತ್ತಿದ ಕಲ್ಲು ತೆಗೆದು, ನಾಲಿಗೆ ಪೂರ್ತಿ ಚಾಚಿ ನೆಕ್ಕಿ, ನನ್ನ ಮುಂದೆ ಇಟ್ಟ.

"ನೋಡು," ಅಂದ.

"ಏನು ನೋಡ್ಲಿ? ನಿನ್ನ ಎಂಜಲನ್ನಾ?"

"ಒಣಗೋಕೆ ಮುಂಚೆ ನೋಡು. ಒಣಗಿದ್ರೆ ಬಣ್ಣ ಹೋಗತ್ತೆ."

"ಒಣಗೋಕೆ ಮುಂಚೆ ನನ್ನ ಕೌಂಟರ್ ಒರೆಸು."

ಅವನು ಅಂಗಿಯ ತೋಳಿನಿಂದ ಒರೆಸಿದ. ಮರುದಿನ ಇನ್ನೊಂದು ಕಲ್ಲು ತಂದ. ಹೀಗೆ ನಮ್ಮ ಮದುವೆಯಾಯಿತು. ಉಂಗುರಕ್ಕೆ ತಾನೇ ಉಜ್ಜಿದ ಕಲ್ಲು ಕೂರಿಸಿದ್ದ. ಅದು ಎರಡು ಸಲ ಸಿಂಕಿನಲ್ಲಿ ಕಳಚಿ ಬಿತ್ತು. ಎರಡು ಸಲವೂ ಕೊಳವೆ ಬಿಚ್ಚಿ ತೆಗೆದ. ಮೂರನೆಯ ಸಲ ಬಿದ್ದಾಗ ನಾನು ಹೇಳಲಿಲ್ಲ.

ಈ ಕಲ್ಲು ಹುಡುಕುವವರ ಜಾತಿಯೇ ಹಾಗೆ. ಎಲ್ಲರೂ ನೆಕ್ಕುತ್ತಾರೆ. ಮರುಭೂಮಿಯ ಕಲ್ಲು ಹೊರಗಿನಿಂದ ಎಲ್ಲವೂ ಒಂದೇ, ಸುಟ್ಟ ರೊಟ್ಟಿಯ ಬಣ್ಣ. ಒದ್ದೆಯಾದರೆ ಒಳಗಿನದು ಕಾಣುತ್ತದೆ. ಹೊಟ್ಟೆ ಬಿಟ್ಟ, ನಿವೃತ್ತಿಯಾದ ಗಂಡಸರು ದನ ಮೂತ್ರ ಹುಯ್ದ ಜಾಗದಿಂದ ಕಲ್ಲು ಎತ್ತಿ ಐಸ್‌ಕ್ರೀಮಿನಂತೆ ನೆಕ್ಕುವುದನ್ನು ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ನೋಡಿದ್ದೇನೆ. ಬಾಟಲಿಯಲ್ಲಿ ನೀರು ಇರುತ್ತದೆ. ಆದರೂ ನೆಕ್ಕುತ್ತಾರೆ. ಓರ್ವಿಲ್ ನೆಕ್ಕುವುದರ ಜೊತೆಗೆ ಹಲ್ಲಿಗೂ ತಿಕ್ಕುತ್ತಿದ್ದ, ಎಷ್ಟು ನುಣುಪು ಎಂದು ತಿಳಿಯಲು. ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾದದ್ದು ಅದಕ್ಕೇ.

ನಮಗೆ ಮಕ್ಕಳಾಗಲಿಲ್ಲ. ಮನೆ ತುಂಬಾ ಕಲ್ಲುಗಳಾದವು. ಬಚ್ಚಲ ತೊಟ್ಟಿಯಲ್ಲಿ ಕಲ್ಲು, ಮಂಚದಡಿ ಕಲ್ಲು, ಹಿಟ್ಟಿನ ಡಬ್ಬಿಯ ಹಿಂದೆ ಕಲ್ಲು. ಒಂದು ಸಲ ಬಣ್ಣ ಕೆಂಪಗಾಗಲೆಂದು ಮರಳಿನ ತಟ್ಟೆಯಲ್ಲಿ ಕಲ್ಲು ಹೂತು ನನ್ನ ಒಲೆಪೆಟ್ಟಿಗೆಯಲ್ಲಿ ಬೇಯಿಸಲು ಇಟ್ಟ. ಗುಂಡು ಹಾರಿದಂತೆ ಸಿಡಿದು ಒಲೆಯ ಗಾಜಿನ ಬಾಗಿಲು ಹೋಯಿತು. ನಾನು ಬಂದಾಗ ನೆಲದ ಮೇಲೆ ಮಂಡಿಯೂರಿ ಚೂರು ಹೆಕ್ಕುತ್ತಿದ್ದ. ಗಾಜಿನ ಚೂರಲ್ಲ, ಕಲ್ಲಿನ ಚೂರು. "ಕೆಂಪಾಗಿದೆ ನೋಡು," ಅಂದ.

ಶನಿವಾರ ಬಂದರೆ ಪಿಕಪ್ ಹತ್ತಿ ಉತ್ತರಕ್ಕೆ. ಗರ್ಲಾಕ್ ದಾಟಿ, ಬಿಳಿ ಬಯಲು ದಾಟಿ, ದಾರಿ ಮುಗಿದ ಮೇಲೂ ದಾರಿ. ಊರು ದಾಟಿದ ಮೇಲೆ ಪ್ರತಿ ಮೈಲಿಯೂ ನಾನೇ ಓಡಿಸಿದ್ದು. ಓರ್ವಿಲ್‌ಗೆ ಸ್ಟಿಯರಿಂಗ್ ಕೊಟ್ಟರೆ ಸತ್ತೆವೆಂದೇ ಲೆಕ್ಕ. ಅವನ ಕಣ್ಣು ದಾರಿಯ ಮೇಲೆ ಇರುತ್ತಿರಲಿಲ್ಲ, ದಾರಿಯ ಪಕ್ಕದ ನೆಲದ ಮೇಲೆ ಇರುತ್ತಿತ್ತು. ಮದುವೆಯಾದ ಹೊಸತರಲ್ಲಿ ದನ ಕಾಯುವವರ ಬೇಲಿಗೆ ನುಗ್ಗಿಸಿದ. ಆಮೇಲೆ ಬೀಗದಕೈ ನನ್ನ ಹತ್ತಿರವೇ ಉಳಿಯಿತು. ಅವನು ಕಿಟಕಿಗೆ ಗಲ್ಲ ಆನಿಸಿ ಕೂರುತ್ತಿದ್ದ, ನಾಯಿಯ ಹಾಗೆ.

ಸಂಘದವರಿಗೆ ಇದು ಗೊತ್ತಿರಲಿಲ್ಲ. ಊರಿನೊಳಗೆ ಬರುವಾಗ ಅವನೇ ಓಡಿಸುತ್ತಿದ್ದ. ಗಂಡಸಲ್ಲವೇ.

ಒಂದು ಜಾಗ ಸಿಕ್ಕಿತು ಅವನಿಗೆ. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಕುರ್ಚಿಯಷ್ಟು ಎತ್ತರದ ಒಂದು ದಿಣ್ಣೆಯ ಹೊಟ್ಟೆಯಲ್ಲಿ ಅಗೇಟ್ ಎಂಬ ಬಣ್ಣದ ಕಲ್ಲು ಇತ್ತು. ಅಂಥಿಂಥದ್ದಲ್ಲ. ಕೊಯ್ದರೆ ಒಳಗೆ ಕೆಂಪು ಗರಿಗಳು, ನೀರಿನಲ್ಲಿ ತೇಲುತ್ತಾ ನಿಂತುಬಿಟ್ಟ ಹಾಗೆ. ಇವನು ಸುತ್ತಿಗೆ, ಉಳಿ, ಮಂಡಿ, ಇಷ್ಟರಿಂದಲೇ ಗುಂಡಿ ತೋಡಿದ. ಹೊರಡುವಾಗ ಗುಂಡಿ ಮುಚ್ಚುತ್ತಿದ್ದ, ಮೇಲೆ ಹಳೆಯ ಕಲ್ಲು ಹರಡುತ್ತಿದ್ದ. ಆಮೇಲೆ ಒಂದು ಒಣ ಸೇಜ್ ಪೊದೆಯನ್ನು ಹಗ್ಗದಿಂದ ಪಿಕಪ್ಪಿನ ಹಿಂದೆ ಕಟ್ಟುತ್ತಿದ್ದ. ನಾನು ನಿಧಾನ ಓಡಿಸಬೇಕು, ಪೊದೆ ನಮ್ಮ ಚಕ್ರದ ಗುರುತು ಗುಡಿಸಬೇಕು. ಕಳ್ಳರೂ ಇಷ್ಟು ಕಷ್ಟ ಪಡುವುದಿಲ್ಲ. ಗುಡಿಸುವಂಥದ್ದು ಮನೆಯಲ್ಲಿ ಬೇಕಾದಷ್ಟಿತ್ತು, ಅದಕ್ಕೆ ಪೊರಕೆ ಹಿಡಿದವನಲ್ಲ.

ಆ ಜಾಗದಿಂದ ವಾಪಸು ಬರುವ ದಾರಿಯಲ್ಲಿ ಪಕ್ಕಕ್ಕೆ ಒಂದು ಕವಲು. ಅಲ್ಲಿ ದನಗಳಿಗೆ ನೀರು ತುಂಬುತ್ತಿದ್ದ ತೂತಾದ ತಗಡಿನ ತೊಟ್ಟಿ, ಅದರ ಹಿಂದೊಂದು ಬೋಳು ಗುಡ್ಡ. ಅಲ್ಲಿ ನಿಲ್ಲಿಸಿ ಊಟ ಮಾಡುತ್ತಿದ್ದೆವು. ಅವನು ಬ್ರೆಡ್ಡು ಜಗಿಯುತ್ತಾ ಅಂದಿನ ಕಲ್ಲುಗಳನ್ನು ಒಂದೊಂದಾಗಿ ಒಡೆದು ನೋಡಿ, ಬೇಡದ್ದನ್ನು ಗುಡ್ಡದ ಮೇಲಕ್ಕೆ ಎಸೆಯುತ್ತಿದ್ದ. ಬಿರುಕು ಬಿಟ್ಟದ್ದು, ಗರಿ ಮುರಿದದ್ದು, ಮಣ್ಣು ಹೊಕ್ಕದ್ದು. ಅದು ಅವನ ಕಸದ ತೊಟ್ಟಿ. ವರ್ಷಗಟ್ಟಲೆ ಎಸೆದ.

ಅಂಥ ಒಂದು ಊಟದ ಹೊತ್ತಿನಲ್ಲೇ ಅವನು ಹೇಳಿದ್ದು. ಯಾಕೆ ಅಂದು ಹೇಳಿದನೋ ಗೊತ್ತಿಲ್ಲ.

"ನಾನು ಹೋದ್ರೆ ಸುಟ್ಟು ನನ್ನ ಗುಂಡಿಗೇ ಹಾಕಿ ಮುಚ್ಚಿಬಿಡು, ವೆಲ್."

"ಮೊದಲು ಬಾಯಲ್ಲಿರೋದು ನುಂಗು."

"ಬರ್ಡೆಟ್ ಕೈಗೆ ಸಿಗಬಾರದು."

"ಏನು, ನೀನೋ, ಗುಂಡಿನೋ?"

ಅವನು ಬಾಯಲ್ಲಿದ್ದದ್ದು ನುಂಗಿದ. "ಎರಡೂ," ಅಂದ.

ಬರ್ಡೆಟ್ ಎಂದರೆ ಸಂಘದ ಅಧ್ಯಕ್ಷ. ಹಳೆಯ ಕಾರು ಮಾರುತ್ತಿದ್ದವನು. ಸೊಂಟಪಟ್ಟಿಯ ಬಿಲ್ಲೆ ಊಟದ ತಟ್ಟೆಯಷ್ಟಿದೆ, ಅದರ ನಡುವೆ ಯಾರದೋ ಹತ್ತಿರ ಕೊಂಡ ಕಲ್ಲು. ಅವನಿಗೆ ಹುಡುಕುವುದು ಬೇಡ, ಸಿಕ್ಕಿದ್ದು ಬೇಕು. ಯಾವನಾದರೂ ಒಳ್ಳೆಯ ಜಾಗ ಕಂಡರೆ ಇವನು ಹೋಗಿ ನಾಲ್ಕು ಮೂಲೆಗೆ ಗೂಟ ಹೊಡೆದು ಸರಕಾರಿ ಕಚೇರಿಯಲ್ಲಿ ತನ್ನ ಹೆಸರು ಬರೆಸುತ್ತಾನೆ, ಮಣ್ಣು ತೋಡುವ ಯಂತ್ರ ತರಿಸುತ್ತಾನೆ, ಚಳಿಗಾಲದಲ್ಲಿ ಅರಿಜೋನಾದ ಸಂತೆಗೆ ಟ್ರಕ್ಕು ತುಂಬಿಸಿ ಕಳಿಸುತ್ತಾನೆ. ಲೈಲ್ ಎಂಬವನ ಜಾಗವೊಂದನ್ನು ಹೀಗೇ ನುಂಗಿದ್ದ. ಲೈಲ್ ಈಗ ಅವನ ಹಿಂದೆಯೇ ಪೆಟ್ಟಿಗೆ ಹೊತ್ತುಕೊಂಡು ತಿರುಗುತ್ತಾನೆ. ಅಂಥವನು ಲೈಲ್.

ಓರ್ವಿಲ್‌ನನ್ನು ಸುಟ್ಟು ಬೂದಿಯನ್ನು ಒಂದು ಪೆಟ್ಟಿಗೆಯಲ್ಲಿ ಕೊಟ್ಟರು. ಪೆಟ್ಟಿಗೆಯ ಮೇಲೆ ಹೆಸರಿನ ಚೀಟಿ. ಮನೆಗೆ ತಂದ ವಾರದಿಂದಲೇ ಊಟ ಬರತೊಡಗಿತು. ಸತ್ತ ಮನೆಗೆ ಅಡುಗೆ ತರುವುದು ನಮ್ಮಲ್ಲಿ ಪದ್ಧತಿ. ಆದರೆ ಕಲ್ಲಿನವನು ಸತ್ತರೆ ಅಡುಗೆ ಜಾಸ್ತಿ ಬರುತ್ತದೆ. ಅವನ ಜಾಗ ಎಲ್ಲಿ ಎಂದು ಹೆಂಡತಿಗಾದರೂ ಗೊತ್ತಿರಬಹುದಲ್ಲ. ಅಧ್ಯಕ್ಷನ ಹೆಂಡತಿ ನೊರೀನ್ ಟ್ಯೂನಾ ಮೀನಿಗೆ ನೂಡಲ್ಸ್ ಬೆರೆಸಿ, ಮೇಲೆ ಆಲೂ ಚಿಪ್ಸ್ ಪುಡಿ ಉದುರಿಸಿ ಬೇಯಿಸಿದ ಪಾತ್ರೆ ತಂದಳು. ಪಾತ್ರೆ ವಾಪಸು ತೆಗೆದುಕೊಂಡು ಹೋಗಲು ಮತ್ತೆ ಬಂದಳು, ಆಗ ಇನ್ನೊಂದು ಪಾತ್ರೆ ತಂದಳು. ಅದನ್ನು ಕೊಂಡೊಯ್ಯಲು ಮತ್ತೆ ಬಂದಳು. ಹಿಂದಿನಿಂದ ಅವಳ ಗಂಡ, ಟೋಪಿ ಎದೆಗೊತ್ತಿಕೊಂಡು.

"ವೆಲ್ಡಾ, ನಿನ್ನ ದುಃಖ ನಮ್ಮದೂ ಕಣಮ್ಮ."

"ತಗೊಂಡು ಹೋಗು ಹಾಗಿದ್ರೆ."

"ಏನಾದ್ರೂ ಬರೆದಿಟ್ಟಿದ್ನಾ ಪಾಪ? ನಕ್ಷೆ ಗಿಕ್ಷೆ?"

"ಹಲ್ಲಿನ ಡಾಕ್ಟರ ಬಿಲ್ಲು ಇದೆ. ಬೇಕಾ?"

ಅವನ ಕಣ್ಣು ನನ್ನ ಮುಖದ ಮೇಲೆ ಇರಲಿಲ್ಲ. ಕಿಟಕಿಯ ಹಲಗೆಯ ಮೇಲೆ ಒಂದು ಜಾಡಿ, ಅದರ ನೀರಿನಲ್ಲಿ ಓರ್ವಿಲ್‌ನ ಒಂದು ಕೆಂಪುಗರಿ ಕಲ್ಲು. ಬಣ್ಣ ಸದಾ ಕಾಣಲೆಂದು ಅವನು ನೀರಿನಲ್ಲಿ ಇಟ್ಟಿದ್ದ. ನೀರು ಹಸಿರುಗಟ್ಟಿದರೆ ಅವನೇ ಬದಲಾಯಿಸುತ್ತಿದ್ದ. ಈಗ ನಾನು ಬದಲಾಯಿಸುತ್ತೇನೆ. ಪಾಚಿ ನಾರುತ್ತದೆ, ಅದಕ್ಕೆ.

ಒಂದು ಬೆಳಿಗ್ಗೆ ಪೆಟ್ಟಿಗೆಯಲ್ಲಿದ್ದ ಓರ್ವಿಲ್‌ನನ್ನು ಕೆಂಪು ಕಾಫಿ ಡಬ್ಬಿಗೆ ಸುರಿದೆ. ಪೆಟ್ಟಿಗೆಯ ಮುಚ್ಚಳ ಸಡಿಲವಿತ್ತು, ಡಬ್ಬಿಯದು ಬಿಗಿ. ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿ ಉತ್ತರಕ್ಕೆ ಹೊರಟೆ. ಡಾಂಬರು ಮುಗಿದು ಮಣ್ಣು ದಾರಿ ಶುರುವಾದ ಮೇಲೆ ಕನ್ನಡಿಯಲ್ಲಿ ನೋಡಿದೆ. ದೂರದಲ್ಲಿ ಧೂಳಿನ ಬಾಲ. ನಿಲ್ಲಿಸಿದೆ. ಅದೂ ಕೂತಿತು. ಹೊರಟೆ. ಅದೂ ಎದ್ದಿತು. ನಮ್ಮ ಕಡೆ ಯಾರೂ ಯಾರಿಗೂ ತಿಳಿಯದಂತೆ ಎಲ್ಲಿಗೂ ಹೋಗಲಾರರು. ಮೊಲ ಓಡಿದರೂ ಧೂಳೇಳುತ್ತದೆ.

ಗರ್ಲಾಕ್‌ಗೆ ತಿರುಗಿಸಿ ಹೋಟೆಲಿನಲ್ಲಿ ಪೈ ತಿನ್ನುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಬರ್ಡೆಟ್. ಹುಬ್ಬಿನ ಮೇಲೆಲ್ಲ ಬಿಳಿ ಧೂಳು.

"ಅರೆ, ವೆಲ್ಡಾ! ನೀನಿಲ್ಲಿ! ಎಂಥಾ ಆಶ್ಚರ್ಯ!"

"ನಿನ್ನ ಹುಬ್ಬು ಒರಸ್ಕೋ, ಬರ್ಡೆಟ್. ನನ್ನ ಧೂಳದು."

ಅವನು ನಕ್ಕ. ನಾಚಿಕೆ ಎಂಬುದನ್ನು ಅವನಿಗೆ ಯಾರೂ ಮಾರಿಲ್ಲ. ಎದುರು ಕೂತು ತಾನೂ ಪೈ ತರಿಸಿದ. ಬಾಯಿ ತುಂಬಿಕೊಂಡೇ ಹೇಳಿದ, "ನೋಡಮ್ಮ, ಒಬ್ಬಳೇ ಹೀಗೆ ಬೆಂಗಾಡಲ್ಲಿ ಓಡಾಡಬೇಡ. ಚಕ್ರ ಹೂತು ಹೋದ್ರೆ ಹದ್ದು ತಿನ್ನತ್ತೆ. ಸಂಘದವರೆಲ್ಲ ಬರ್ತೀವಿ. ಓರ್ವಿಲ್‌ಗೆ ಇಷ್ಟವಾದ ಜಾಗದಲ್ಲೇ ಬೂದಿ ಹಾಕೋಣ. ನಾಲ್ಕು ಒಳ್ಳೇ ಮಾತು ಆಡೋಣ. ನೀನು ದಾರಿ ತೋರಿಸು ಸಾಕು. ಅಂದಾಜಿನ ಮೇಲೆ ಆದ್ರೂ ಸರಿ."

ನಾನು ತಟ್ಟೆ ಕೆರೆದು ಮುಗಿಸಿದೆ. ಹೊರಗೆ ಪಿಕಪ್ಪಿನಲ್ಲಿ ಓರ್ವಿಲ್ ಬೆಲ್ಟ್ ಹಾಕಿಕೊಂಡು ಬಿಸಿಲಲ್ಲಿ ಕೂತಿದ್ದ. ಆ ಗುಂಡಿ ಈ ಮನುಷ್ಯನ ಕೈಗೆ ಸಿಕ್ಕರೆ ಮಾರನೆಯ ವಾರವೇ ಯಂತ್ರ ಬರುತ್ತದೆ. ಅದರ ಬಕೆಟ್ಟಿನಲ್ಲಿ ಓರ್ವಿಲ್ ಮೇಲೆ ಬರುತ್ತಾನೆ. ಸಿಗದಿದ್ದರೆ ಈ ಧೂಳು ನಾನು ಸಾಯುವ ತನಕ ನನ್ನ ಹಿಂದೆ ಇರುತ್ತದೆ, ಓರ್ವಿಲ್ ಡಬ್ಬಿಯಲ್ಲೇ ಇರುತ್ತಾನೆ. ಇವರಿಗೆ ಏನೋ ಒಂದು ಜಾಗ ಬೇಕು. ಕೊಡುವವರೆಗೂ ಬಿಡುವವರಲ್ಲ.

"ಆಯ್ತು," ಅಂದೆ. "ಭಾನುವಾರ ಕರ್ಕೊಂಡು ಬಾ ನಿನ್ನ ಮಂದೆಯನ್ನ."

ಅವನ ಕೈಯಲ್ಲಿದ್ದ ಚಮಚ ನಿಂತಿತು. "ನಿಂಗೆ ದಾರಿ ಗೊತ್ತಾ?"

"ಸುಮಾರಾಗಿ. ಪಕ್ಕದಲ್ಲಿ ಕೂತು ಹೆಣೀತಾ ಇರ್ತಿದ್ದೆ. ಆಗಾಗ ತಲೆ ಎತ್ತಿದ್ದೀನಿ."

ನಾನು ಜೀವಮಾನದಲ್ಲಿ ಹೆಣೆದವಳಲ್ಲ. ಅವನು ನಂಬಿದ.

ಭಾನುವಾರದ ಹೊತ್ತಿಗೆ ಚೀಟಿ ಅಂಟಿಸಿದ್ದ ಪೆಟ್ಟಿಗೆಯನ್ನು ಮತ್ತೆ ತುಂಬಿಸಿದೆ. ನನ್ನ ಕಟ್ಟಿಗೆ ಒಲೆಯ ಬೂದಿಯಿಂದ. ಆ ಚಳಿಗಾಲ ಸುಟ್ಟದ್ದು ಜೂನಿಪರ್ ಕಟ್ಟಿಗೆ, ಬೂದಿ ಬೆಳ್ಳಗೆ ಚೆನ್ನಾಗಿತ್ತು. ಮನುಷ್ಯನ ಬೂದಿ ಅಷ್ಟು ನುಣುಪಾಗಿರುವುದಿಲ್ಲ, ಒರಟು ಮರಳಿನಂತಿರುತ್ತದೆ. ಅದಕ್ಕೆ ಸ್ವಲ್ಪ ಕೋಳಿಗೆ ಹಾಕುವ ಚಿಪ್ಪಿನ ಪುಡಿ ಬೆರೆಸಿದೆ. ಕಾಫಿ ಡಬ್ಬಿಯನ್ನು ಅಡುಗೆಮನೆಯ ಮೇಲಿನ ಹಲಗೆಗೆ ಏರಿಸಿದೆ. "ನೀನು ಇವತ್ತು ಬರಬೇಡ," ಅಂದೆ.

ಏಳೆಂಟು ಗಾಡಿಗಳು. ಎಲ್ಲದರ ಮೇಲೂ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊದ ಕೋಲು. ಸತ್ತವನಿಗೆ ಮರ್ಯಾದೆ ಕೊಡಲು ಬಂದವರ ಗಾಡಿಯಲ್ಲಿ ಸಲಿಕೆ, ಹಾರೆ, ಜರಡಿ, ಬಕೆಟ್ಟು. ನಾನು ಮುಂದೆ. ದಾರಿ ನೇರವಾಗಿದೆ, ಆದರೆ ನೇರ ಹೋದರೆ ಬೆಲೆ ಇರುವುದಿಲ್ಲ. ಎರಡು ಒಣ ಹಳ್ಳಗಳಿಗೆ ಇಳಿಸಿ ಹತ್ತಿಸಿದೆ. ಒಂದು ಬೇಲಿಗೇಟು ತೆಗೆಸಿ, ಮುಚ್ಚಿಸಿ, ಸುತ್ತಿ ಬಂದು ಅದೇ ಗೇಟು ಆ ಕಡೆಯಿಂದ ತೆಗೆಸಿದೆ. ಲೈಲ್‌ನ ಗಾಡಿಯ ಹೊಟ್ಟೆ ಕಲ್ಲಿಗೆ ತಾಗಿ ಸೈಲೆನ್ಸರ್ ಕಳಚಿತು. ನನ್ನ ಪಿಕಪ್ಪಿನ ರೇಡಿಯೊ ಗೊರಗೊರ ಅಂತಿತ್ತು.

"ಬರ್ಡೆಟ್, ಈ ಗೇಟು ಆಗಲೇ ದಾಟಿದ್ವಲ್ಲ?"

"ಬಾಯ್ಮುಚ್ಕೊಂಡು ಬಾರೋ ಲೈಲ್. ಓರ್ವಿಲ್ ಬುದ್ಧಿವಂತ. ಯಾರಿಗೂ ಗುರುತು ಸಿಗಬಾರದು ಅಂತ ಹೀಗೇ ಸುತ್ತಿ ಹೋಗ್ತಿದ್ದ. ನರಿ ಕಣೋ ಅವನು!"

"ನನ್ನ ಸೈಲೆನ್ಸರು..."

"ಬರ್ತಾ ಎತ್ಕೋ."

ತಗಡಿನ ತೊಟ್ಟಿಯ ಹತ್ತಿರ ನಿಲ್ಲಿಸಿದೆ. ಎಲ್ಲರೂ ಇಳಿದು ಟೋಪಿ ತೆಗೆದರು. ಬರ್ಡೆಟ್ ಜೇಬಿನಿಂದ ಕಾಗದ ತೆಗೆದು ಓದಿದ. ಭೂಮಿತಾಯಿಯ ಮಗ, ಮೌನ ಋಷಿ, ಇನ್ನೂ ಏನೇನೋ. ಓದುವವನ ಕಣ್ಣೇ ಕಾಗದ ಬಿಟ್ಟು ನೆಲಕ್ಕೆ ಜಾರುತ್ತಿತ್ತು. ತಲೆ ಬಾಗಿಸಿ ನಿಂತವರೆಲ್ಲ ಅಷ್ಟು ಭಕ್ತಿಯಿಂದ ಯಾಕೆ ಬಾಗಿಸಿದ್ದರೆಂದು ನನಗೆ ಗೊತ್ತಿತ್ತು. ನಾನು ಪೆಟ್ಟಿಗೆ ತೆಗೆದು ಗುಡ್ಡದ ಬುಡದಲ್ಲಿ ಸುರಿದೆ. ಗಾಳಿ ಎತ್ತಿ ಇಡೀ ಇಳಿಜಾರಿಗೆ ಹರಡಿತು. ಕಲ್ಲುಗಳ ಮೇಲೆಲ್ಲ ಬಿಳಿ ಪುಡಿ ಕೂತಿತು.

"ಆಮೆನ್," ಅಂದರು. ಟೋಪಿ ಇನ್ನೂ ತಲೆಗೆ ಹೋಗಿರಲಿಲ್ಲ, ಲೈಲ್ ಬಗ್ಗಿ ಒಂದು ಕಲ್ಲು ಎತ್ತಿದ. ನೆಕ್ಕಿದ.

"ಕೆಂಪು!" ಅಂತ ಕಿರುಚಿದ. "ಬರ್ಡೆಟ್! ಗರಿ ಇದೆ! ಕೆಂಪುಗರಿ!"

ಆಮೇಲೆ ಮಂದೆ ಗುಡ್ಡ ಹತ್ತಿತು. ಎಲ್ಲರೂ ಎತ್ತಿದರು, ಎಲ್ಲರೂ ನೆಕ್ಕಿದರು. ಬಿಳಿ ಪುಡಿ ಒರೆಸುವಷ್ಟೂ ತಾಳ್ಮೆ ಇರಲಿಲ್ಲ. ನಾಲಿಗೆಗಳು ಬೂದು ಬಣ್ಣಕ್ಕೆ ತಿರುಗಿದವು. ಒಬ್ಬನ ಬೂದಿಯನ್ನು ಈಗ ತಾನೇ ಅಲ್ಲಿ ಚೆಲ್ಲಿದ್ದನ್ನು ಕಣ್ಣಾರೆ ನೋಡಿದವರು. ಅವರ ಮಟ್ಟಿಗೆ ಅದು ಓರ್ವಿಲ್ಲೇ. ಕಲ್ಲಿನ ಹತ್ತು ಜಾತಿಗಳನ್ನು ದೂರದಿಂದಲೇ ಹೇಳುವವರಿಗೆ ಬಾಯೊಳಗೆ ಹೋದದ್ದು ಏನೆಂದು ತಿಳಿಯಲಿಲ್ಲ.

"ಸ್ವಲ್ಪ ಉಪ್ಪುಪ್ಪು," ಅಂದ ಬರ್ಡೆಟ್, ತುಟಿ ಚಪ್ಪರಿಸಿ.

"ಕ್ಷಾರದ ನೆಲ," ಅಂದ ಲೈಲ್. ಆಮೇಲೆ ಕೈಯಲ್ಲಿದ್ದುದನ್ನು ತಿರುಗಿಸಿ ತಿರುಗಿಸಿ ನೋಡಿದ. "ಬರ್ಡೆಟ್, ಇದು ಸುತ್ತಿಗೆ ಏಟಿನ ಹಾಗಿದೆ ಅಲ್ವಾ? ಇಲ್ಲಿ ಬಿದ್ದಿರೋದೆಲ್ಲ ಒಡೆದದ್ದೇ."

ಈ ಜನರಲ್ಲಿ ತಲೆ ಇರುವವನು ಇವನೊಬ್ಬ ಇದ್ದಾನೆಂದು ನಾನು ಎಣಿಸಿರಲಿಲ್ಲ.

"ಹಿಮ ಒಡೆದದ್ದು ಕಣೋ ದಡ್ಡ," ಅಂದ ಬರ್ಡೆಟ್. "ಬಿರುಕಿಗೆ ನೀರು ಹೋಗತ್ತೆ, ಹೆಪ್ಪುಗಟ್ಟತ್ತೆ, ಸಿಡಿಯತ್ತೆ. ಕೆಳಗೆ ಇಷ್ಟು ಉದುರಿದೆ ಅಂದ್ರೆ ಮೇಲೆ ತಾಯಿಬಂಡೆ ಇದೆ. ಮನೆಯಷ್ಟು ದೊಡ್ಡದಿರತ್ತೆ. ಹಾರೆ ತಾ."

ಕಲ್ಲಿನವರ ಶಾಸ್ತ್ರ ಇದು. ಇಳಿಜಾರಿನಲ್ಲಿ ಚೂರು ಬಿದ್ದಿದ್ದರೆ ಮೇಲೆ ಬಂಡೆ ಇರಲೇಬೇಕು. ಊಟ ಮಾಡುತ್ತಾ ಕೂತವನೊಬ್ಬ ಕೆಳಗಿನಿಂದ ಮೇಲಕ್ಕೆ ಎಸೆದಿರಬಹುದು ಎಂಬುದು ಆ ಶಾಸ್ತ್ರದಲ್ಲಿ ಇಲ್ಲ. ಲೈಲ್ ಹಾರೆ ತಂದುಕೊಟ್ಟ.

ನಾನು ಪಿಕಪ್ಪಿನ ಬಾಗಿಲ ಹತ್ತಿರ ನಿಂತಿದ್ದೆ. ನೊರೀನ್ ಬಂದು ಪಕ್ಕದಲ್ಲಿ ನಿಂತಳು. ಅವಳು ಯಾವಾಗಲೂ ಗಾಡಿಯಿಂದ ಇಳಿಯದವಳು. ಕಾಲ ಬಳಿ ಬಿದ್ದಿದ್ದ ಬೂದಿಗೆ ಬೆರಳು ಮುಟ್ಟಿಸಿ ಮೂಸಿದಳು.

"ಈ ಚಳಿಗಾಲ ಜೂನಿಪರ್ ಸುಟ್ಯಾ, ವೆಲ್ಡಾ?"

ಗುಡ್ಡದ ಮೇಲಿಂದ ಬರ್ಡೆಟ್ ಇವಳತ್ತ ಕೈ ಬೀಸಿದ. ಒಂದು ಮಾತು ಕೂಗಿದರೆ ಮುಗಿಯಿತು.

"ನಮ್ಮನೇಲೂ ಅದೇ," ಅಂದಳು. "ವಾಸನೆ ಎಲ್ಲಿದ್ರೂ ಗೊತ್ತಾಗತ್ತೆ. ಚಿಪ್ಪಿನ ಪುಡಿನೂ. ನಾನೂ ಕೋಳಿ ಸಾಕಿದ್ದೀನಿ."

"ಹೇಳೋದಿದ್ರೆ ಹೇಳು ಹೋಗು. ನಿನ್ನ ಪಾತ್ರೆ ಇನ್ನೂ ನಮ್ಮನೇಲಿದೆ, ಅದನ್ನೂ ತಗೊಂಡು ಹೋಗು."

"ಆ ಪಾತ್ರೆಗೆ ಬೆಂಕಿ ಹಾಕು." ಅವಳು ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು. "ಅವನು ರಿಟೈರ್ ಆದಾಗಿಂದ ದಿನಾ ಅಡುಗೆಮನೇಲಿ ನಿಂತು ನಂಗೆ ಪಾತ್ರೆ ತೊಳೆಯೋದು ಹೇಗೆ ಅಂತ ಹೇಳಿಕೊಡ್ತಾನೆ, ವೆಲ್ಡಾ. ಪಾತ್ರೆ ತೊಳೆಯೋದು. ಈ ಗುಡ್ಡ ಎಷ್ಟು ದಿನಕ್ಕೆ ಬರತ್ತೆ?"

"ಹಾರೆಯಿಂದ ಆದ್ರೆ ವರ್ಷ ಬರತ್ತೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಗಂಡನಿಗೆ ಕೂಗಿದಳು, "ಇನ್ನೂ ಮೇಲೆ ಅಗೀರಿ! ಅಲ್ಲಿ ಎಡಕ್ಕೆ! ಅಲ್ಲೇ ಏನೋ ಹೊಳೀತಿದೆ!" ಆಮೇಲೆ ಗಾಡಿಗೆ ಹೋಗಿ ಕೂತು ಬಾಗಿಲು ಹಾಕಿಕೊಂಡಳು. ಅವಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅವಳ ಟ್ಯೂನಾ ನಾಯಿಗೂ ಸೇರಲಿಲ್ಲ. ಆದರೆ ಗುಟ್ಟು ಬಿಟ್ಟುಕೊಡುವವಳಲ್ಲ.

ಮರುವಾರವೇ ಬರ್ಡೆಟ್ ಆ ಗುಡ್ಡದ ನಾಲ್ಕು ಮೂಲೆಗೆ ಗೂಟ ಹೊಡೆದ. ಅದಕ್ಕೆ ಓರ್ವಿಲ್ ಗುಡ್ಡ ಎಂದು ಹೆಸರಿಟ್ಟಿದ್ದಾನೆ. ಪತ್ರಿಕೆಯ ಅರ್ಧ ಪುಟ ಬಂದದ್ದು ಆ ಸಂತೋಷಕ್ಕೆ. ಯಂತ್ರವನ್ನೂ ತರಿಸಿದ್ದಾನೆ. ನನಗೆ ಊಟ ಬರುವುದು ನಿಂತಿತು. ರಸ್ತೆಯಲ್ಲಿ ಕಂಡರೆ ಕೈ ಎತ್ತುತ್ತಾನೆ, ನಿಲ್ಲುವುದಿಲ್ಲ. ನನ್ನಿಂದ ಬೇಕಾದದ್ದು ಸಿಕ್ಕಾಯಿತು.

ಹಾಗಾಗಿ ಒಂದು ಬೆಳಿಗ್ಗೆ ಹಲಗೆಯಿಂದ ಕಾಫಿ ಡಬ್ಬಿ ಇಳಿಸಿದೆ. "ನಡಿ," ಅಂದೆ. ಬೆಲ್ಟ್ ಹಾಕಿದೆ.

ಕನ್ನಡಿಯಲ್ಲಿ ಧೂಳಿರಲಿಲ್ಲ, ನನ್ನದು ಬಿಟ್ಟು. ಕವಲಿನ ಹತ್ತಿರ ಬಂದಾಗ ತೊಟ್ಟಿಯ ಕಡೆ ಯಂತ್ರದ ಸದ್ದು ಕೇಳಿಸಿತು, ಗುಡ್ಡದ ತಲೆಯ ಮೇಲೆ ಮಣ್ಣು ಹೊಗೆಯಂತೆ ಏಳುತ್ತಿತ್ತು. ತಲೆ ಎತ್ತಿದ್ದರೆ ನನ್ನನ್ನು ಕಾಣುತ್ತಿದ್ದರು. ಅವರು ತಲೆ ಎತ್ತುವ ಜನವಲ್ಲ.

ದಿಣ್ಣೆ ಹಾಗೇ ಇತ್ತು. ಅವನು ಕೊನೆಯ ಸಲ ಮುಚ್ಚಿದ ಹಾಗೇ. ಅವನು ಮಂಡಿಯೂರುತ್ತಿದ್ದ ಗೋಣಿಚೀಲ ಒಂದು ಕಲ್ಲಿನಡಿ ಮಡಿಸಿ ಇಟ್ಟಿತ್ತು. ಮನೆಯಲ್ಲಿ ಒಂದು ಟವೆಲ್ ಮಡಿಸಿದವನಲ್ಲ. ಅದನ್ನೇ ಹಾಸಿ ಮಂಡಿಯೂರಿ ಅಗೆದೆ. ನೆಲ ಗಟ್ಟಿ. ಇದಕ್ಕಾಗಿ ಅವನು ಅಷ್ಟು ವರ್ಷ ಬಂದದ್ದು. ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡು, ಹಲ್ಲು ಸವೆಸಿಕೊಂಡು, ನನ್ನ ಒಲೆ ಒಡೆದು. ಮೂರ್ಖ.

ಡಬ್ಬಿ ಬಗ್ಗಿಸಿದೆ. ಸದ್ದು ಮಾಡುತ್ತಾ ಇಳಿದ. ಅಲ್ಲಿ ಗಾಳಿ ಬೀಸುವುದಿಲ್ಲ, ದಿಣ್ಣೆ ಅಡ್ಡ ಇದೆ. ಜಾಡಿಯಲ್ಲಿದ್ದ ಕಲ್ಲನ್ನೂ ತಂದಿದ್ದೆ. ಬಟ್ಟೆ ಬಿಚ್ಚಿದರೆ ದಾರಿಯಲ್ಲಿ ಒಣಗಿಹೋಗಿತ್ತು, ಸುಟ್ಟ ರೊಟ್ಟಿಯ ಬಣ್ಣ. ಎಲ್ಲ ಕಲ್ಲುಗಳಂತೆ ಅದೂ ಒಂದು. ಇದೇ ಅದು ಹೌದೋ ಅಲ್ಲವೋ ಎಂದು ಅನುಮಾನವಾಯಿತು. ನೀರಿನ ಬಾಟಲಿ ಪಿಕಪ್ಪಿನಲ್ಲಿತ್ತು. ಅಲ್ಲಿಯವರೆಗೆ ಹೋಗಿ ಬರಲು ಮಂಡಿ ಒಪ್ಪಲಿಲ್ಲ.

ನೆಕ್ಕಿದೆ.

ಗರಿ ಬಂತು. ಕೆಂಪಗೆ, ಒಂದರ ಹಿಂದೆ ಒಂದು. ಒಣಗುವ ತನಕ ನೋಡಿದೆ. ಆಮೇಲೆ ಅವನ ಮೇಲೆ ಇಟ್ಟು ಮಣ್ಣು ತಳ್ಳಿದೆ, ಮೇಲೆ ಹಳೆಯ ಕಲ್ಲು ಹರಡಿದೆ. ಬಾಯಲ್ಲೆಲ್ಲ ಮಣ್ಣು. ಉಗಿದೆ.

ಒಣ ಪೊದೆಯೊಂದನ್ನು ಕಿತ್ತು ಪಿಕಪ್ಪಿನ ಹಿಂದೆ ಕಟ್ಟಿದೆ. ಗಂಟು ಹಾಕುವುದು ಅವನ ಕೆಲಸವಾಗಿತ್ತು, ನನ್ನದು ಒಂದು ಸಲ ಬಿಚ್ಚಿಕೊಂಡಿತು. ಮತ್ತೆ ಇಳಿದು ಕಟ್ಟಿದೆ. ಗುಡಿಸುತ್ತಾ ಗುಡಿಸುತ್ತಾ ಕವಲಿನವರೆಗೂ ಬಂದೆ. ಪಕ್ಕದ ಸೀಟಿನಲ್ಲಿ ಖಾಲಿ ಡಬ್ಬಿಗೂ ಬೆಲ್ಟ್ ಹಾಕಿದ್ದೆ. ಡಬ್ಬಿ ಎಸೆಯಲಿಲ್ಲ. ಮುಚ್ಚಳ ಬಿಗಿಯಾಗಿದೆ.